ಗುರ್ರ್ ಅಂದರೆ ಗದರಬೇಡ ಮಗಳೇ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ತಿನ್ನುವಾಗ ಬಟ್ಟಲಿಗೆ ಕೈ ಹಾಕಿದರೆ ನಾಯಿ ಗುರ್ರ್ ಅಂತು, ಮೂತಿಗೆ ಒಂದು ಕೊಟ್ಟೆ ಅಂದೆ. ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ದು ಸೇಡು ತೀರಿಸಿಕೊಂಡಿತು ಅಂದೆ. ಆಗ ನನಗೆ ಮಾತೇ ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕರಿಯ ನೆನಪಿದ್ದಾನಾ? ನಿನಗಾಗ ಮೂರು ವರ್ಷ. ತಲೆ ಸವರಲು ಹೋದರೆ ಸಾಕು, ಗುರುಗುಟ್ಟಲು ಶುರು ಮಾಡಿದ್ದ. ಮನೆಯಲ್ಲಿ ಚಿಕ್ಕ ಮಗು ಇದೆ ಅಂತ ನನಗೆ ಭಯ. ಪ್ರತಿ ಸಲ ಗದರಿದೆ. ಹತ್ತೇ ದಿನದಲ್ಲಿ ಸುಮ್ಮನಾದ. ಬುದ್ಧಿ ಬಂತು ಅಂದುಕೊಂಡೆ. ಒಂದು ಸಂಜೆ ನೀನು ಅವನ ಕಿವಿ ಹಿಡಿದು ಎಳೆದೆ. ಸದ್ದೇ ಇಲ್ಲದೆ ಕಚ್ಚಿಬಿಟ್ಟ. ನಿನ್ನ ಮುಂಗೈ ಮೇಲಿನ ಗುರುತು ಅದೇ. ಆಮೇಲೆ ಪಶುವೈದ್ಯರು ಕಿವಿ ಮಗುಚಿ ತೋರಿಸಿದರು. ಒಳಗೆಲ್ಲ ಕೆಂಪಗೆ ಊದಿ ಕೀವು ಕಟ್ಟಿತ್ತು. 'ನೋಯ್ತಿದೆ, ಮುಟ್ಟಬೇಡಿ' ಅಂತ ಅವನು ಅಷ್ಟು ದಿನ ಹೇಳುತ್ತಲೇ ಇದ್ದ. ಆ ಬಾಯಿ ಮುಚ್ಚಿಸಿದವಳು ನಾನು.

ನಾಯಿ ಗುರುಗುಟ್ಟುವುದಕ್ಕೂ ಮೊದಲೇ ಎಷ್ಟೋ ಹೇಳಿರುತ್ತದೆ. ಮುಖ ಆಚೆ ತಿರುಗಿಸುತ್ತದೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ಸುಮ್ಸುಮ್ನೆ ಮೂತಿ ನೆಕ್ಕಿಕೊಳ್ಳುತ್ತದೆ. ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುತ್ತದೆ. ಬಾಲ ಆಡಿಸಿದ ಮಾತ್ರಕ್ಕೆ ಖುಷಿ ಅಂದುಕೊಳ್ಳಬೇಡ. ಮೈ ಸಡಿಲ ಬಿಟ್ಟು, ಸೊಂಟವೂ ಜೊತೆಗೆ ಆಡಿದರೆ ಖುಷಿ. ಮೈ ಬಿಗಿದು, ಬಾಲ ನೆಟ್ಟಗೆ ಎತ್ತಿ ಅದುರಿಸುತ್ತಿದ್ದರೆ ದೂರ ನಿಲ್ಲು.

ತಿನ್ನುವಾಗ ಅದರ ಪಾಡಿಗೆ ಬಿಡು. ಹತ್ತಿರ ಹಾದು ಹೋಗುವಾಗ ದೂರದಿಂದಲೇ ಇನ್ನೂ ರುಚಿಯಾದ ಒಂದು ತುಂಡು ಎಸೆ. ನೀನು ಬಂದರೆ ಸಿಗುತ್ತದೆ, ಇರುವುದು ಹೋಗುವುದಿಲ್ಲ ಅಂತ ನಿಧಾನಕ್ಕೆ ಗೊತ್ತಾಗುತ್ತದೆ.

ಹೊಡೆದ ಮೇಲೆ ತಪ್ಪು ಒಪ್ಪಿಕೊಂಡ ಹಾಗೆ ಮುಖ ಮಾಡಿತು ಅಂದೆಯಲ್ಲ, ಅದು ಹೆದರಿಕೆ ಪುಟ್ಟಿ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದರ ಬಗ್ಗೆಯೇ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಏನೂ ತಪ್ಪು ಮಾಡದ ನಾಯಿಗಳೂ ಬೈಸಿಕೊಂಡಾಗ ಅದೇ ಮುಖ ಮಾಡಿದ್ದವು.

ಇನ್ನು ಬೆಕ್ಕು. ಸೇಡು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ನಿನ್ನದು ಗಂಡು ಬೆಕ್ಕು, ಹಾಗಾಗಿ ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ. ಉಚ್ಚೆ ಹೊಯ್ಯಲು ಇಟ್ಟ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ, ಒಂದೆರಡು ಹನಿ ಬಂದರೆ ಅಥವಾ ಏನೂ ಬಾರದಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ನಿನ್ನೆಯ ಕಲೆ ದೊಡ್ಡದಿತ್ತು ಅಂದೆ, ಅದೊಂದು ಸಮಾಧಾನ. ಆದರೂ ಒಮ್ಮೆ ತೋರಿಸು. ನೋವಿದೆ ಅನ್ನಿಸಿದರೂ ನೀನು ನುಂಗುವ ಮಾತ್ರೆ ಕೊಡಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಕಾಯಿಲೆ ಇಲ್ಲ ಅಂದರೆ ಟ್ರೇ ಇಟ್ಟ ಜಾಗ ನೋಡು. ನಾಯಿ ಬಂದ ಮೇಲೆಯೇ ಅಲ್ವಾ ಇದು ಶುರುವಾಗಿದ್ದು? ಟ್ರೇ ಇರುವುದು ಬಚ್ಚಲ ಮೂಲೆಯಲ್ಲಿ, ನಾಯಿ ಮಲಗುವುದು ಅದೇ ಬಾಗಿಲಲ್ಲಿ. ಬೆಕ್ಕು ಹೋಗುವುದಾದರೂ ಹೇಗೆ? ಒಂದೇ ಬೆಕ್ಕಾದರೂ ಎರಡು ಟ್ರೇ ಇಡು, ಊಟದ ಬಟ್ಟಲಿನಿಂದ ದೂರ. ನಾಯಿಗೆ ಎಟುಕದ ಎತ್ತರದಲ್ಲಿ ಕೂರಲು ಒಂದು ಜಾಗ ಮಾಡಿಕೊಡು. ಅಲ್ಲಿಂದ ನಿನ್ನನ್ನೇ ನೋಡುತ್ತಾ ಮೆಲ್ಲಗೆ ಕಣ್ಣು ಮುಚ್ಚಿ ತೆರೆದರೆ, ನೀನೂ ಹಾಗೇ ಮಾಡು. ಹೆದರಿಕೆ ಇಲ್ಲದೆ ನೆಮ್ಮದಿಯಾಗಿದ್ದಾಗ ಬೆಕ್ಕು ಸಾಮಾನ್ಯವಾಗಿ ಹಾಗೆ ಮಾಡುತ್ತದೆ. ಮಾಡಿದ ದಿನ ನನಗೆ ಫೋನ್ ಮಾಡಿ ಹೇಳು, ಆಯ್ತಾ?

ಮತ್ತೆ, ನಾಯಿ ಮಡಿಲಿಗೆ ತಾನಾಗಿ ಬಂದು ಒರಗಿದಾಗ ಅದರ ಕಿವಿಯ ಹತ್ತಿರ ಒಮ್ಮೆ ಮೂಸಿ ನೋಡು. ಕೆಟ್ಟ ವಾಸನೆ ಬಂದರೆ ಅವತ್ತೇ ಕರೆದುಕೊಂಡು ಹೋಗು.

ನಿನ್ನ
ಅಮ್ಮ