ಗೆಳೆಯನಿಗೊಂದು ಪತ್ರ: ಕರೆ ಬಾರದ ಡಾನ್ಸ್

ಪ್ರಿಯ ಗೆಳೆಯ,

ಸ್ಯಾನ್ ಫ್ರಾನ್ಸಿಸ್ಕೋ ಸೇರಿದ ಮೇಲೆ ನಿನ್ನ ಬಾಯಲ್ಲಿ ಬರೀ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಫೋರ್ಟಿನೈನರ್ಸ್ ಜಪ. ಇರಲಿ ಬಿಡು. ಆದರೆ ಆ ತಂಡ ಹಿಂದೆ ಆಡುತ್ತಿದ್ದ ಕೆಜಾರ್ ಸ್ಟೇಡಿಯಂನಲ್ಲೇ ಒಂದು ಕಾಲೇಜು ತಂಡವೂ ಆಡುತ್ತಿತ್ತು, ಗೊತ್ತಾ? ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋದ ಡಾನ್ಸ್ (Dons, ಕುಣಿತವಲ್ಲ). ಜೆಸ್ಯೂಟ್ ಪಾದ್ರಿಗಳ ಸಣ್ಣ ಕಾಲೇಜು. 1951ರಲ್ಲಿ 9 ಪಂದ್ಯ ಆಡಿದರು, 9ನ್ನೂ ಗೆದ್ದರು. ಆ ವರ್ಷದ ಕತೆ ನಿನಗೆ ಹೇಳಲೇಬೇಕು.

ತಂಡದ ಜೀವ ಆಲಿ ಮ್ಯಾಟ್ಸನ್. ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಹಿಡಿಯುವವರೇ ಇಲ್ಲ. ಆ ಸೀಸನ್‌ನಲ್ಲಿ 1,566 ಗಜ ಓಡಿದ, 21 ಟಚ್‌ಡೌನ್ ಹೊಡೆದ. (ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು.) ಎರಡರಲ್ಲೂ ಇಡೀ ದೇಶಕ್ಕೇ ಮೊದಲು. ನ್ಯೂಯಾರ್ಕ್‌ಗೆ ಹೋಗಿ ಫೋರ್ಡಮ್ ತಂಡವನ್ನು 32-26ರಿಂದ ಸೋಲಿಸಿದ ದಿನ, ಎದುರಾಳಿ ಒದ್ದ ಕಿಕಾಫ್ ಹಿಡಿದು ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿಬಿಟ್ಟ. ಒಂದು ಸಲವಾದರೆ ಅದೃಷ್ಟ ಅನ್ನಬಹುದು. ಎರಡು ಸಲ ಅಂದರೆ ಏನನ್ನಬೇಕು ಮಾರಾಯ?

ಡಿಫೆನ್ಸ್‌ನಲ್ಲಿ ಬರ್ಲ್ ಟೋಲರ್. ಪಕ್ಕದಲ್ಲಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಜೀನೋ ಮಾರ್ಕೆಟ್ಟಿ, ಆರೂವರೆ ಅಡಿ ಮೀರಿದ ಬಾಬ್ ಸೇಂಟ್ ಕ್ಲೇರ್. ಕೋಚ್ ಜೋ ಕುಹಾರಿಚ್. ಕಾಲೇಜಿನ ಪ್ರಚಾರ ನೋಡಿಕೊಳ್ಳುತ್ತಿದ್ದ ಹುಡುಗ ಪೀಟ್ ರೋಜೆಲ್. ಮುಂದೆ 1960ರಿಂದ 1989ರವರೆಗೆ ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ನಡೆಸಿದ ಅದೇ ರೋಜೆಲ್!

ಆಗ ಈಗಿನ ಹಾಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಇರಲಿಲ್ಲ. ಸೀಸನ್ ಮುಗಿದ ಮೇಲೆ ಹೊಸ ವರ್ಷದ ಹೊತ್ತಿಗೆ ಬೌಲ್ ಪಂದ್ಯಗಳು. ಸಂಘಟಕರು ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಹಣವೂ ಅದರಲ್ಲೇ. ಡಾನ್ಸ್‌ಗೆ ಆ ಹಣ ಬೇಕೇ ಬೇಕಿತ್ತು, ಏಕೆಂದರೆ ಕಾಲೇಜಿಗೆ ಫುಟ್‌ಬಾಲ್‌ನಿಂದ ನಷ್ಟವೇ ಜಾಸ್ತಿಯಾಗಿತ್ತು. ಮಯಾಮಿಯ ಆರೆಂಜ್ ಬೌಲ್ ಬಗ್ಗೆ ಎಲ್ಲರಿಗೂ ಆಸೆ. ಆದರೆ ವರ್ಣಭೇದ ಜಾರಿಯಲ್ಲಿದ್ದ ದಕ್ಷಿಣದ ರಾಜ್ಯಗಳ ಕಡೆಯಿಂದ ಬಂದ ಸುಳಿವು ಬೇರೆಯೇ: ಬರುವುದಾದರೆ ಇಬ್ಬರನ್ನು ಬಿಟ್ಟು ಬನ್ನಿ. ಆ ಇಬ್ಬರು ಮ್ಯಾಟ್ಸನ್ ಮತ್ತು ಟೋಲರ್, ತಂಡದ ಕಪ್ಪು ಆಟಗಾರರು. ಪಂಕ್ತಿಭೇದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಟೋಲರ್ ಮೆಂಫಿಸ್‌ನಲ್ಲಿ. ಇಬ್ಬರೂ ದಕ್ಷಿಣದ ಮಕ್ಕಳೇ.

ತಂಡ ಒಲ್ಲೆ ಅಂದಿತು. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ.

ಈ ಕತೆ ಹೇಳುವವರೆಲ್ಲ ಇಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ನನಗೆ ಚಪ್ಪಾಳೆಗಿಂತ ಸಿಟ್ಟೇ ಮೊದಲು ಬರುತ್ತದೆ. ಅದೇ ಸೀಸನ್‌ನಲ್ಲಿ ಡಾನ್ಸ್ ಕೈಯಲ್ಲಿ 47-14ರಿಂದ ಹೊಡೆತ ತಿಂದಿದ್ದ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡಕ್ಕೆ ಸನ್ ಬೌಲ್ ಕರೆ ಬಂತು! ಗೆದ್ದವರು ಮನೆಯಲ್ಲಿ, ಸೋತವರು ಬೌಲ್‌ನಲ್ಲಿ. ಕೊನೆಯ ಎಪಿ ಸುದ್ದಿಸಂಸ್ಥೆಯ ರ‍್ಯಾಂಕಿಂಗ್‌ನಲ್ಲಿ ಒಂದೂ ಸೋಲದ ಡಾನ್ಸ್‌ಗೆ 14ನೇ ಸ್ಥಾನ. ಸೀಸನ್ ಮುಗಿದ ಬೆನ್ನಲ್ಲೇ ಕಾಲೇಜು ಫುಟ್‌ಬಾಲನ್ನೇ ನಿಲ್ಲಿಸಿತು. ಮುಂದೆ ಸಣ್ಣ ಮಟ್ಟದಲ್ಲಿ ಮತ್ತೆ ಶುರುವಾಯಿತು, ಆದರೆ ಆ ಎತ್ತರಕ್ಕೆ ಏರಲೇ ಇಲ್ಲ.

ಆಟಗಾರರು ಮಾತ್ರ ಏರಿದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದ. 1959ರಲ್ಲಿ ಅವನೊಬ್ಬನಿಗಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ 9 ಆಟಗಾರರ ಬೆಲೆ ತೆತ್ತಿತು. ಅವನು, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ (ದಿಗ್ಗಜರ ಗೌರವ ಪಟ್ಟಿ) ಸೇರಿದರು. ಒಂದೇ ಕಾಲೇಜು ತಂಡದಿಂದ ಮೂವರು!

ನನಗೆ ಹೆಚ್ಚು ಇಷ್ಟ ಟೋಲರ್. ಮಂಡಿಗೆ ಪೆಟ್ಟು ಬಿದ್ದು ವೃತ್ತಿಪರ ಆಟ ಶುರುವಾಗುವ ಮೊದಲೇ ಮುಗಿಯಿತು. ಮೇಷ್ಟ್ರಾದ, ಹೆಡ್‌ಮಾಸ್ಟರ್ ಆದ. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ತೀರ್ಪುಗಾರನಾಗಿ ಮೈದಾನಕ್ಕೆ ಇಳಿದ. 1980ರಲ್ಲಿ ನಡೆದ ಲೀಗ್ ಫೈನಲ್ ಸೂಪರ್ ಬೌಲ್‌ನಲ್ಲೂ ತೀರ್ಪುಗಾರ. ಅದು ನಡೆದದ್ದು ಪ್ಯಾಸಡೀನಾದ ರೋಸ್ ಬೌಲ್ ಸ್ಟೇಡಿಯಂನಲ್ಲಿ. ಡಾನ್ಸ್ 1951ರ ಕೊನೆಯ ಪಂದ್ಯ ಆಡಿ, ಲೊಯೋಲಾವನ್ನು 20-2ರಿಂದ ಸೋಲಿಸಿದ್ದೂ ಅಲ್ಲೇ.

ಆ ವರ್ಷದ ಆರೆಂಜ್ ಬೌಲನ್ನು ಜಾರ್ಜಿಯಾ ಟೆಕ್ 17-14ರಿಂದ ಬೇಲರ್ ಎದುರು ಗೆದ್ದಿತು. ಡಾನ್ಸ್ ಆಡಿದ್ದರೆ? ಕಡಿಮೆ ಅಂದರೂ ಎರಡು ಟಚ್‌ಡೌನ್ ಅಂತರದಲ್ಲಿ ಗೆಲ್ಲುತ್ತಿದ್ದರು ಅಂತ ನನ್ನ ಲೆಕ್ಕ. ನೀನು ಟೆಕ್ ಪರ ವಾದ ಮಾಡುವುದಾದರೆ ಭಾನುವಾರ ಫೋನ್ ಮಾಡು, ಸಂಜೆ ಮನೆಯಲ್ಲೇ ಇರುತ್ತೇನೆ.

ಇಂತಿ,
ನಿನ್ನ ಹಳೆಯ ರೂಮ್‌ಮೇಟ್