ಹಸಿರು ಶಾಯಿಯ ಮೇಷ್ಟ್ರಿಗೆ

ಕಳೆದ ವಾರ ನನ್ನ 212ನೇ ಅಭ್ಯಾಸ ತಿದ್ದಿಸಿಕೊಂಡು ವಾಪಸ್ ಬಂತು. ಒಂದೂವರೆ ಪುಟದ ಗ್ರೀಕ್ ಗದ್ಯ, ಹಸಿರು ಶಾಯಿಯ ಗುರುತು ಎರಡೇ ಎರಡು. ನಾಲ್ಕು ವರ್ಷದ ಹಿಂದೆ ಮೊದಲ ಅಭ್ಯಾಸದಲ್ಲಿ ಇದ್ದದ್ದು ಆರು ವಾಕ್ಯ, ಗುರುತು ಹತ್ತೊಂಬತ್ತು. ಹಾಗಾಗಿ ಕೆಲವರಿಗೆ ಕೈಮುಗಿಯಬೇಕು ಅನ್ನಿಸಿದೆ.

ಗ್ರೀಕ್ ಅಂದರೆ ಇವತ್ತು ಅಥೆನ್ಸಿನ ಬೀದಿಯಲ್ಲಿ ಆಡುವುದಲ್ಲ, ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕ್ಸೆನೊಫೋನ್, ಪ್ಲೇಟೋ ಬರೆದದ್ದು. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಹಿಂದೆ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ದುರಂತ ನಾಯಕ ಏಯಾಸ್ ನಿಂತಿದ್ದಾನೆ ಎಂದು ತಿಳಿದ ದಿನ ನನಗೆ ಈ ಹುಚ್ಚು ಹತ್ತಿತು. (ಗ್ರೀಕ್ ಎಂದ ಕೂಡಲೇ ಎಲ್ಲರೂ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೇ ಪಪೈರಸ್‌ನ ಹಳೆಯ ಗ್ರೀಕ್ ಪ್ರಹಸನದಲ್ಲಿ ಬರುವ ಪರಭಾಷೆಯ ಮಾತು ಕನ್ನಡವೋ ಅಲ್ಲವೋ ಎಂದು ಕೇಳುತ್ತಾರೆ. ಆ ಜಗಳಕ್ಕೆ ನಾನಿಲ್ಲ.) ಎರಡು ವರ್ಷ ಪುಸ್ತಕ ಇಟ್ಟುಕೊಂಡು ಒಬ್ಬನೇ ಒದ್ದಾಡಿದೆ. ವ್ಯಾಕರಣದ ಕೋಷ್ಟಕ ಬಾಯಿಪಾಠವಾಯಿತು, ಒಂದು ವಾಕ್ಯ ಸ್ವಂತವಾಗಿ ಹೊರಡಲಿಲ್ಲ.

ಆಗ ಸಿಕ್ಕಿದವರು ಮೇಷ್ಟ್ರು. ಸೆಮಿನರಿಯೊಂದರಲ್ಲಿ ಗ್ರೀಕ್ ಕಲಿಸಿ ನಿವೃತ್ತರಾದವರು, ಎಂಬತ್ತರ ಹತ್ತಿರ ವಯಸ್ಸು. ಫೀಸಿನ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಿದ್ದರು. ಅವರ ಷರತ್ತು ಒಂದೇ: “ವಾರಕ್ಕೊಂದು ಪುಟ ಬರೆದು ಕಳಿಸಿ. ತಪ್ಪಿದ್ದರೆ ನಾನಿದ್ದೇನೆ. ಬರೆಯದೇ ಇದ್ದರೆ ನಾನೇನು ಮಾಡಲಿ?”

ಮೊದಲ ವಾರವೇ ‘ಮಕ್ಕಳು ಆಡುತ್ತಿದ್ದಾರೆ’ ಎನ್ನಲು ‘ತಾ ಪೈದಿಆ ಪೈಝೂಸಿ’ ಎಂದು ಬರೆದೆ. ಕರ್ತೃ ಬಹುವಚನ, ಕ್ರಿಯಾಪದವೂ ಬಹುವಚನ, ಇದರಲ್ಲಿ ತಪ್ಪೇನು? ಮೇಷ್ಟ್ರು ಕೊನೆಯ ಪದ ಹೊಡೆದು ‘ಪೈಝೆಯ್’ ಎಂದು ಏಕವಚನ ಮಾಡಿದ್ದರು. ಪಕ್ಕದಲ್ಲಿ ಸಣ್ಣಗೆ ಕನ್ನಡದಲ್ಲಿ: “ನಿಮ್ಮಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಬಿದ್ದಿದೆ ಅಂತಾರೋ, ಬಿದ್ದಿವೆ ಅಂತಾರೋ?” ಅಮ್ಮ ಬಿದ್ದಿದೆ ಅಂತಲೇ ಅನ್ನೋದು. ಗ್ರೀಕಿನಲ್ಲಿ ನಪುಂಸಕಲಿಂಗದ ಬಹುವಚನಕ್ಕೆ ಏಕವಚನದ ಕ್ರಿಯಾಪದ. ‘ಪೈದಿಒನ್’ ಅಂದರೆ ಮಗು, ನಮ್ಮ ಮಗುವಿನ ಹಾಗೇ ನಪುಂಸಕ. ಶಾಲೆಯಲ್ಲಿ ಯಾವುದನ್ನು ಬರೆದು ಪೆಟ್ಟು ತಿಂದಿದ್ದೆನೋ ಅದು ಪ್ಲೇಟೋನಿಗೆ ನಿಯಮ. ಅವತ್ತು ರಾತ್ರಿ ತುಂಬಾ ಹೊತ್ತು ಒಬ್ಬನೇ ನಗುತ್ತಿದ್ದೆ.

ಎಲ್ಲ ತಿದ್ದುಪಡಿಯನ್ನೂ ಹೀಗೆ ನಗುತ್ತಾ ತೆಗೆದುಕೊಂಡೆ ಎಂದರೆ ಸುಳ್ಳು. ಗ್ರೀಕಿನಲ್ಲಿ ‘ಊ’ ಮತ್ತು ‘ಮೇ’ ಎಂದು ಎರಡು ನಿಷೇಧ ಪದಗಳಿವೆ. ನಮ್ಮ ‘ಹೋಗಲಿಲ್ಲ’, ‘ಹೋಗಬೇಡ’ ಇದ್ದ ಹಾಗೆ ಸುಮಾರಾಗಿ. ‘ಒಂದು ವೇಳೆ’ ಎಂಬ ಮಾತಿನ ನಂತರ ‘ಮೇ’ ಬರಬೇಕು, ನಾನು ‘ಊ’ ಹಾಕಿದ್ದೆ. ಸುಮ್ಮನೆ ಒಪ್ಪಿಕೊಳ್ಳುವ ಬದಲು ಮೂರು ದಿನ ಹುಡುಕಿ ಇಲಿಯಡ್‌ನಿಂದ ಒಂದು ಸಾಲು ತೆಗೆದು ಕಳಿಸಿದೆ, ಹೋಮರನೇ ಹೀಗೆ ಬರೆದಿದ್ದಾನಲ್ಲ ಎಂದು. ಜಂಬದ ಜೊತೆ ಸ್ವಲ್ಪ ಸಿಟ್ಟೂ ಇತ್ತು. ಉತ್ತರ ಬಂತು: “ಹೋಮರ್ ಬರೆಯಬಹುದು. ನೀವು ಬರೆಯುತ್ತಿರುವುದು ಕ್ಸೆನೊಫೋನನ ಕಾಲದ ಗದ್ಯ. ಪಂಪನ ಮಾತು ತಂದು ಬ್ಯಾಂಕಿಗೆ ಅರ್ಜಿ ಬರೆಯುತ್ತೀರಾ?” ಎರಡು ವಾರ ನಾನು ಏನೂ ಕಳಿಸಲಿಲ್ಲ. ಮೂರನೇ ವಾರ ಅವರೇ ಫೋನ್ ಮಾಡಿ, “ಜ್ವರವಾ?” ಎಂದರು. ಮೇಷ್ಟ್ರೇ, ಜ್ವರ ಇರಲಿಲ್ಲ. ಕ್ಷಮಿಸಿ.

‘ತಲೆ ತಿನ್ನಬೇಡ’ ಎಂಬುದನ್ನು ಪದಕ್ಕೆ ಪದ ಇಟ್ಟು ಗ್ರೀಕ್ ಮಾಡಿದಾಗ ಅವರು, “ಅಥೆನ್ಸಿನಲ್ಲಿ ನರಭಕ್ಷಕರು ಇರಲಿಲ್ಲ” ಎಂದು ಬರೆದು ಕೆಳಗೆ ‘ಮೇ ಮೊಯ್ ಎನೊಖ್ಲೆಯ್’, ನನಗೆ ಕಾಟ ಕೊಡಬೇಡ, ಎಂದು ಕೊಟ್ಟರು. ಅಲ್ಲಿಂದ ಮುಂದೆ ಬರೆಯುವ ಮುಂಚೆ ‘ಇದನ್ನು ಗ್ರೀಕರು ಹೇಗೆ ಅಂದಾರು’ ಎಂದು ಕೇಳಿಕೊಳ್ಳುವ ಅಭ್ಯಾಸ ಬಿತ್ತು. ನನ್ನ ವಾಕ್ಯಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ನಿಂತಿರುತ್ತವೆ, ಗ್ರೀಕರು ‘ಗಾರ್’ (ಏಕೆಂದರೆ), ‘ಊನ್’ (ಹಾಗಾಗಿ), ‘ದೆ’ (ಮತ್ತು, ಆದರೆ) ಹಾಕಿ ಒಂದರ ಕೈ ಇನ್ನೊಂದಕ್ಕೆ ಹಿಡಿಸುತ್ತಾರೆ ಎಂದೂ ಹೇಳಿದರು. ನಾನು ಹುರುಪಿನಲ್ಲಿ ಎಲ್ಲ ಕಡೆ ಹಾಕಿದೆ. “ಒಗ್ಗರಣೆಗೆ ಸಾಸಿವೆ ಸಾಕು, ಸಾಸಿವೆಯದ್ದೇ ಪಲ್ಯ ಬೇಡ.”

ಧಾರವಾಡದ ಅಕ್ಕಾವರಿಗೂ ನಮಸ್ಕಾರ. ‘ಸೂರ್ಯ ಮುಳುಗುತ್ತಿರಲು’ ಎಂಬಂಥ ಮಾತನ್ನು ಷಷ್ಠೀ ವಿಭಕ್ತಿಯಲ್ಲಿ ತೇಲಿಸುವ ಗ್ರೀಕ್ ಕೃದಂತಗಳ ಮುಂದೆ ನಾನು ಮಂಕಾಗಿ ಕೂತಿದ್ದಾಗ, ಸಂಸ್ಕೃತ ಕಲಿಸುವ ಅವರು, ಅದನ್ನೇ ಸಪ್ತಮಿಯಲ್ಲಿ ಹೇಳುವ ಸಂಸ್ಕೃತದ ರೀತಿ ನೆನಪಿಸಿ, “ಸತಿಸಪ್ತಮಿ ಗೊತ್ತೈತಿಲ್ರಿ? ಅದನ್ನ ಷಷ್ಠೀ ಒಳಗ ಹಾಕ್ರಿ, ಮುಗೀತು” ಎಂದು ಅರ್ಧ ನಿಮಿಷದಲ್ಲಿ ಬಿಡಿಸಿಬಿಟ್ಟರು. ಪ್ರತಿ ಶನಿವಾರ ನನ್ನ ಪುಟ ಸ್ಕ್ಯಾನ್ ಮಾಡಿ ಕಳಿಸಿಕೊಟ್ಟ ಝೆರಾಕ್ಸ್ ಅಂಗಡಿಯ ಹುಡುಗನಿಗೆ ಥ್ಯಾಂಕ್ಸ್. ಒಂದು ವರ್ಷ ಅವನು ಅದನ್ನು ಮಾಟದ ಚೀಟಿ ಅಂದುಕೊಂಡಿದ್ದನಂತೆ, ಆದರೂ ದುಡ್ಡು ಜಾಸ್ತಿ ಕೇಳಲಿಲ್ಲ.

212ನೇ ಅಭ್ಯಾಸ ನಾನು ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನಲ್ಲಿ ಹೋದ ಕಥೆ. ಕ್ಸೆನೊಫೋನ್ ತನ್ನ ಸೈನ್ಯದ ನಡಿಗೆಯನ್ನು ‘ಅಲ್ಲಿಂದ ಇಷ್ಟು ಮಜಲು, ಇಷ್ಟು ಪರಸಾಂಗ’ (ಪರಸಾಂಗ ಅಂದರೆ ಪರ್ಷಿಯನ್ನರ ದೂರದ ಅಳತೆ, ಸುಮಾರು ಐದೂವರೆ ಕಿಲೋಮೀಟರ್) ಎಂದು ಲೆಕ್ಕ ಕೊಡುತ್ತಾ ಹೋಗುತ್ತಾನೆ. ಅದೇ ಧಾಟಿಯಲ್ಲಿ ಒಂದು ಮಜಲು, ಸುಮಾರು 13 ಪರಸಾಂಗ, ನಡುವೆ ಆನಂದಪುರದಲ್ಲಿ ಚಹಾ. ಆಮೇಲೆ ಸಾಗರ, ‘ಜನವಸತಿಯುಳ್ಳ, ಸಮೃದ್ಧವಾದ, ದೊಡ್ಡ ಊರು’. ಎರಡು ಗುರುತಿನಲ್ಲಿ ಒಂದು ಸ್ವರಚಿಹ್ನೆಯದ್ದು, ಒಪ್ಪಿದೆ. ಇನ್ನೊಂದು ತುಂಗೆಯದ್ದು. ನಾನು ಅವಳ ಹೆಸರಿನ ಮುಂದೆ ಸ್ತ್ರೀಲಿಂಗದ ‘ಹೇ’ ಹಾಕಿದ್ದೆ. ಮೇಷ್ಟ್ರು ಅದನ್ನು ಪುಲ್ಲಿಂಗದ ‘ಹೊ’ ಮಾಡಿ, “ಗ್ರೀಕರ ನದಿಗಳು ಗಂಡು” ಎಂದು ಬರೆದಿದ್ದರು.

ನಾಲ್ಕು ವರ್ಷದಲ್ಲಿ ಎರಡನೇ ಸಲ ಎದುರು ಮಾತಾಡಿದೆ. ಉಳಿದದ್ದೆಲ್ಲ ಹೇಗೆ ಬೇಕಾದರೂ ತಿದ್ದಿ, ತುಂಗೆಯನ್ನು ಗಂಡು ಮಾಡಲಾರೆ ಎಂದೆ. ಮಾರನೆಯ ದಿನ ಬೆಳಿಗ್ಗೆ ಉತ್ತರ ಇತ್ತು.

“ಪಾತಾಳದ ನದಿ ಸ್ಟಿಕ್ಸ್ ಹೆಣ್ಣು. ಇರಲಿ ಬಿಡಿ.”