ಲ್ಯಾಪ್‌ಟಾಪ್ ಸರಿ ಇದೆ, ನಿಮ್ಮ ರೌಟರ್ ನೋಡಿ

ಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು

ವಿಷಯ: ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಸ್ಪೀಡ್ ಇದ್ದಕ್ಕಿದ್ದಂತೆ ಬಿದ್ದಿರುವುದು, ನಾಲ್ಕು ಸಲ ಫೋನ್ ಮಾಡಿದರೂ ಸರಿಯಾಗದಿರುವುದು

ಮಾನ್ಯರೇ,

ನಾನು ಮೂರು ವರ್ಷದಿಂದ ನಿಮ್ಮ ಇಂಟರ್ನೆಟ್ ಸಂಪರ್ಕದ ಗ್ರಾಹಕಿ. ನನ್ನದು 100 ಎಂಬಿಪಿಎಸ್ ಪ್ಲಾನ್. ವೈ-ಫೈನಲ್ಲಿ ಲ್ಯಾಪ್‌ಟಾಪ್‌ಗೆ 75ರಿಂದ 80 ಆರಾಮಾಗಿ ಬರುತ್ತಿತ್ತು. ಹನ್ನೊಂದು ದಿನದಿಂದ 20ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ. ಕೊನೆಗೆ ಸಿಕ್ಕ ಉತ್ತರ ಒಂದೇ: ಫೋನಿನಲ್ಲಿ ಸ್ಪೀಡ್ ಚೆನ್ನಾಗಿದೆ, ಹಾಗಾದರೆ ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿದೆ.

ಲ್ಯಾಪ್‌ಟಾಪ್ ಕೆಟ್ಟಿಲ್ಲ. ತೊಂದರೆ ಎಲ್ಲಿದೆ ಅಂತ ನಾನೇ ಹುಡುಕಿದ್ದೇನೆ. ಅದು ನೀವು ಕೊಟ್ಟ ರೌಟರ್‌ನಲ್ಲಿದೆ. ಅದನ್ನು ದಿನಾ ರಾತ್ರಿ ಕೆಡಿಸುತ್ತಿರುವುದೂ ನಿಮ್ಮ ಸರ್ವರ್ರೇ.

ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ. ಲ್ಯಾಪ್‌ಟಾಪ್ ತೆರೆದರೆ ವೈ-ಫೈ ಪಾಸ್‌ವರ್ಡ್ ಮತ್ತೆ ಕೇಳಿತು. ಮೂರು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಹಾಕಿದೆ, ಕನೆಕ್ಟ್ ಆಯಿತು. ನೆಟ್‌ವರ್ಕ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ, ಈ ನೆಟ್‌ವರ್ಕಿನ ಸೆಕ್ಯುರಿಟಿ ಹಳೆಯದು, ಅಷ್ಟು ಸುರಕ್ಷಿತವಲ್ಲ ಅನ್ನುವ ಅರ್ಥದ ಒಂದು ಸಾಲು ಬಂತು. ಐದು ನಿಮಿಷದಲ್ಲಿ ಮೀಟಿಂಗ್ ಇತ್ತು. ಅದನ್ನೆಲ್ಲ ಯಾರು ಓದುತ್ತಾ ಕೂರುತ್ತಾರೆ? ನಾನೂ ಓದಲಿಲ್ಲ. ಒಂದು ಕಡೆ ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿತ್ತು, ಇನ್ನೊಂದು ಕಡೆ ಮೀಟಿಂಗ್. ಹತ್ತನೇ ನಿಮಿಷಕ್ಕೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತಂತೆ. ಉಳಿದವರು ಅದನ್ನು ಫೋಟೊ ತೆಗೆದಿಟ್ಟುಕೊಂಡಿದ್ದಾರೆ.

ಮೊದಲ ಫೋನಿನಲ್ಲಿ ರೌಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ. ಎರಡನೇ ಸಲ ಬ್ರೌಸರ್‌ನ ಕ್ಯಾಶ್ ಅಳಿಸಿ, ಆಂಟಿವೈರಸ್ ನಿಲ್ಲಿಸಿ ನೋಡಿ ಅಂದರು. ಅದನ್ನೂ ಮಾಡಿದೆ. ಮೂರನೇ ಸಲ ನಿಮ್ಮ ತಂತ್ರಜ್ಞರು ಮನೆಗೇ ಬಂದರು. ರೌಟರ್‌ಗೆ ಅಂಟಿಕೊಂಡ ಹಾಗೆ ನಿಂತರು, ಜೇಬಿನಿಂದ ತಮ್ಮ ಫೋನ್ ತೆಗೆದರು, ಸ್ಪೀಡ್ ಟೆಸ್ಟ್ ಒತ್ತಿದರು. 96 ಬಂತು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದು "ನೋಡಿ ಮೇಡಂ" ಅಂದರು. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ದೂರು ಬಗೆಹರಿದಿದೆ ಅಂತ ಸಹಿ ಮಾಡಿ ಅಂದಾಗ ನಾನು ಒಪ್ಪಲಿಲ್ಲ. ಸಂಜೆ ಹೊತ್ತಿಗೆ ದೂರು ಮುಚ್ಚಲಾಗಿದೆ ಅಂತ ಮೆಸೇಜ್ ಬಂದಿತ್ತು. ನಾಲ್ಕನೇ ಸಲ, "ಹಳೇ ಲ್ಯಾಪ್‌ಟಾಪ್ ಅಲ್ವಾ ಮೇಡಂ, ಹೊಸದು ತಗೊಳ್ಳಿ" ಅಂದರು.

ಹಳೇದು ಹೌದು, ಅದನ್ನು ಒಪ್ಪುತ್ತೇನೆ. ಅದರ ವೈ-ಫೈ ಕಾರ್ಡ್ 802.11ಎನ್ ಅನ್ನುವ ಹಳೇ ವೈ-ಫೈ ತಲೆಮಾರಿನ ಕಾಲದ್ದು. ನಿಮ್ಮ ರೌಟರ್ ಕೊಡುವ ಎರಡು ತರಂಗ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ತಂತ್ರಜ್ಞರ ಫೋನ್ ಹಿಡಿದದ್ದು 5 ಗಿಗಾಹರ್ಟ್ಸ್. ನಿಮ್ಮ ರೌಟರ್ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದೆ, ಎರಡಕ್ಕೂ ಸೆಟ್ಟಿಂಗ್ಸ್ ಬೇರೆ. ಪಕ್ಕದ ರಸ್ತೆ ಖಾಲಿ ಇದೆ ಅಂತ ತೋರಿಸಿ, ನಿಮ್ಮ ರಸ್ತೆಯಲ್ಲಿ ಟ್ರಾಫಿಕ್ ಇಲ್ಲ ಅಂದರೆ ಆಗುತ್ತಾ? ಆದರೆ ಇದೇ ಹಳೇ ಕಾರ್ಡ್ ಭಾನುವಾರ ರಾತ್ರಿ ತನಕ 78 ಕೊಡುತ್ತಿತ್ತು. ವಯಸ್ಸಾಗುವುದು ಒಂದೇ ರಾತ್ರಿಯಲ್ಲಿ ಅಲ್ಲ.

ಆಮೇಲೆ ನಾನೇ ಕೂತೆ. ಮೊದಲು ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದೆ. 94 ಬಂತು. ಅಂದರೆ ಹೊರಗಿನಿಂದ ಬರುವ ಲೈನ್ ಸರಿ ಇದೆ. ನಂತರ ನನ್ನ ಫೋನಿನ ಹಾಟ್‌ಸ್ಪಾಟನ್ನು 2.4ಕ್ಕೆ ಇಟ್ಟು ಲ್ಯಾಪ್‌ಟಾಪ್‌ ಜೋಡಿಸಿದೆ. ಲಿಂಕ್ ಸ್ಪೀಡ್, ಅಂದರೆ ಕಾರ್ಡಿಗೂ ಹಾಟ್‌ಸ್ಪಾಟಿಗೂ ನಡುವಿನ ವೇಗ, 144 ತೋರಿಸಿತು. ಅಂದರೆ ವೈ-ಫೈ ಕಾರ್ಡೂ ಸರಿ ಇದೆ. ಉಳಿದದ್ದು ಆ ಕಾರ್ಡಿಗೂ ನಿಮ್ಮ ರೌಟರ್‌ಗೂ ನಡುವಿನ ಮಾತುಕತೆ ಮಾತ್ರ. ಈ ಎರಡು ಪರೀಕ್ಷೆಗೆ ಹಿಡಿದದ್ದು ಹತ್ತು ನಿಮಿಷ. ನಿಮ್ಮ ತಂತ್ರಜ್ಞರ ಚೀಲದಲ್ಲೂ ಒಂದು ಕೇಬಲ್ ಇದ್ದೇ ಇರುತ್ತದೆ, ಅಲ್ವಾ?

ನಾನೂ ದಾರಿ ತಪ್ಪಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ವೈ-ಫೈ ಕಾರ್ಡ್ ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಅಪ್‌ಡೇಟ್ ಆಗಿ ಹೀಗಾಗಿರಬೇಕು ಅಂದುಕೊಂಡು ಹಿಂದಿನದಕ್ಕೆ ತಿರುಗಿಸಿದೆ. ಏನೂ ಬದಲಾಗಲಿಲ್ಲ. ಬ್ಯಾಟರಿ ಉಳಿಸಲು ವೈ-ಫೈ ಕಾರ್ಡನ್ನು ಆಫ್ ಮಾಡುವ ಆಯ್ಕೆ ತೆಗೆದೆ. ಅದರಿಂದಲೂ ಏನಿಲ್ಲ. ರೌಟರ್‌ನ ವೈ-ಫೈ ಚಾನೆಲ್ 6ರಿಂದ 1, 1ರಿಂದ 11, ಸುಮ್ನೆ ಓಡಾಡಿದ್ದಷ್ಟೇ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಅದರ ಗದ್ದಲ 2.4 ಗಿಗಾಹರ್ಟ್ಸ್‌ಗೆ ತಾಗುತ್ತದೆ ಅಂತ ಗೊತ್ತಿತ್ತು. ತೆಗೆದಾಗ 18 ಇದ್ದದ್ದು 21 ಆಯಿತು. ಸಂತೋಷಪಟ್ಟೆ. ಅಷ್ಟಕ್ಕೇ ಸಂತೋಷಪಡುವ ಸ್ಥಿತಿಗೆ ಬಂದಿದ್ದೆ.

ಕೊನೆಗೆ ಕಮಾಂಡ್ ಪ್ರಾಂಪ್ಟ್ ತೆರೆದು, ವೈ-ಫೈ ಕನೆಕ್ಷನ್ನಿನ ವಿವರ ನೋಡಲು "ನೆಟ್‌ಎಸ್‌ಎಚ್ ವ್ಲ್ಯಾನ್ ಶೋ ಇಂಟರ್‌ಫೇಸಸ್" ಅಂತ ಕೊಟ್ಟೆ. ರೇಡಿಯೊ ಟೈಪ್: 802.11ಜಿ, ಅಂದರೆ ಎನ್‌ಗಿಂತ ಹಿಂದಿನ ತಲೆಮಾರು. ಸೈಫರ್, ಅಂದರೆ ಗೂಢಲಿಪಿ ವಿಧಾನ: ಟಿಕಿಪ್. ರಿಸೀವ್ ರೇಟ್: 54. ಸಿಗ್ನಲ್: ಶೇ. 92. ಸಿಗ್ನಲ್ ಅಷ್ಟು ಚೆನ್ನಾಗಿರುವಾಗ 54ಕ್ಕೆ ನಿಲ್ಲುವುದು ಯಾಕೆ? ಎರಡು ವರ್ಷದ ಹಿಂದೆ ಬೇರೇನೋ ತೊಂದರೆಗೆ ನಿಮ್ಮ ಸಹಾಯವಾಣಿಯವರೇ ಇದೇ ಕಮಾಂಡಿನ ಸ್ಕ್ರೀನ್‌ಶಾಟ್ ಕೇಳಿದ್ದರು. ಹಳೇ ಮೇಲ್‌ಗಳಲ್ಲಿ ಹುಡುಕಿದರೆ ಸಿಕ್ಕಿತು. ಅದರಲ್ಲಿ 802.11ಎನ್, ಸಿಸಿಎಂಪಿ (ಎಇಎಸ್ ಬಳಸುವ, ಟಿಕಿಪ್‌ಗಿಂತ ಗಟ್ಟಿಯಾದ ಗೂಢಲಿಪಿ ವಿಧಾನ), 144 ಅಂತಿದೆ. ಲ್ಯಾಪ್‌ಟಾಪ್ ಅದೇ, ರೌಟರ್ ಅದೇ, ಮೇಜು ಕೂಡ ಅದೇ.

ಕಾರಣ ಆ ಟಿಕಿಪ್. ಅದು 2003ರಲ್ಲಿ ಡಬ್ಲ್ಯುಪಿಎ ಅನ್ನುವ ವೈ-ಫೈ ಭದ್ರತಾ ವ್ಯವಸ್ಥೆಯ ಜೊತೆ ಬಂದದ್ದು. ಅದಕ್ಕೂ ಹಿಂದಿನ ಡಬ್ಲ್ಯುಇಪಿ ಭದ್ರತೆಯ ಸಾಧನಗಳನ್ನೇ ಹೇಗೋ ನಡೆಸಿಕೊಂಡು ಹೋಗಲು ಹಾಕಿದ ತೇಪೆ. ಮುಂದೆ 2009ರಲ್ಲಿ 802.11ಎನ್ ಬಂದಾಗ, ಅದರ ಹೆಚ್ಚಿನ ವೇಗಗಳನ್ನು ಟಿಕಿಪ್ ಜೊತೆ ಬಳಸಬಾರದು ಅಂತ ನಿಯಮವನ್ನೇ ಮಾಡಿದರು. ಹಾಗಾಗಿ ರೌಟರ್ ಟಿಕಿಪ್ ಅಂದ ಕೂಡಲೇ ನನ್ನ ಎನ್ ಕಾರ್ಡ್ ಹಳೇ 802.11ಜಿ ವೇಗಕ್ಕೆ ಇಳಿಯುತ್ತದೆ. ಜಿ ಅಂದರೆ ಹೆಚ್ಚೆಂದರೆ 54. ಕೈಗೆ ಸಿಗುವುದು 20 ಚಿಲ್ಲರೆ. ನನಗೆ ಸಿಗುತ್ತಿರುವುದೂ ಅಷ್ಟೇ.

ರೌಟರ್‌ನ ಪುಟ ತೆರೆದು ನೋಡಿದೆ. 5 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯುಪಿಎ ನಂತರದ ಭದ್ರತೆಯಾದ ಡಬ್ಲ್ಯುಪಿಎ2-ಎಇಎಸ್ ಹಾಗೇ ಇತ್ತು. 2.4ರಲ್ಲಿ ಮಾತ್ರ ಡಬ್ಲ್ಯುಪಿಎ-ಟಿಕಿಪ್ ಆಗಿತ್ತು. ನಾನೇ ಎಇಎಸ್‌ಗೆ ಬದಲಾಯಿಸಿದೆ. ಸ್ಪೀಡ್ ಟೆಸ್ಟ್: 81. ಒಂಬತ್ತು ದಿನದ ತಲೆನೋವು ಒಂದು ಕ್ಲಿಕ್‌ನಲ್ಲಿ ಹೋಯಿತು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಟಿಕಿಪ್, ಮತ್ತೆ 54. ಆ ಸಂಜೆಯೂ ಬದಲಾಯಿಸಿದೆ. ಇವತ್ತು ಬೆಳಿಗ್ಗೆ ಮತ್ತೆ ಅದೇ ಕಥೆ. ರೌಟರ್‌ನ ಲಾಗ್‌ನಲ್ಲಿ ಎರಡೂ ರಾತ್ರಿ ಮೂರು ಗಂಟೆ ಸುಮಾರಿಗೆ ಟಿಆರ್-069 ಮೂಲಕ ಸೆಟ್ಟಿಂಗ್ಸ್ ಬರೆದ ದಾಖಲೆ ಇದೆ. ಆ ದಾರಿಯಲ್ಲಿ ರೌಟರ್ ಒಳಗೆ ಬರುವುದು ನಿಮ್ಮ ಸರ್ವರ್. ಮೊದಲ ಸೋಮವಾರಕ್ಕೂ ಅದೇ ಹೊತ್ತಿನ ದಾಖಲೆ ಇದೆ, ಅದರ ಮೇಲೆಯೇ ರೌಟರ್ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಅಪ್‌ಡೇಟ್ ಆದದ್ದೂ ಇದೆ. ನಾನು ಸಂಜೆ ಸರಿ ಮಾಡುತ್ತೇನೆ, ನೀವು ರಾತ್ರಿ ಅಳಿಸುತ್ತೀರಿ.

ಇದು ಬರೀ ಸ್ಪೀಡಿನ ವಿಷಯ ಅಲ್ಲ. ಟಿಕಿಪ್‌ನ ದೌರ್ಬಲ್ಯ ಗೊತ್ತಾಗಿ ಬಹಳ ವರ್ಷವಾಯಿತು, 2012ರ ವೈ-ಫೈ ಮಾನದಂಡದಲ್ಲಿಯೇ ಅದನ್ನು ಬಿಟ್ಟುಬಿಡಿ ಅಂದಿದ್ದಾರೆ. ಬ್ಯಾಂಕ್ ಕೆಲಸದಿಂದ ಹಿಡಿದು ಆಫೀಸಿನ ಫೈಲ್ ತನಕ ನಾನು ಎಲ್ಲಾ ಮಾಡುವುದು ಇದೇ ವೈ-ಫೈ ಮೇಲೆ. ಬೀಗ ಬದಲಾಯಿಸುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳಬೇಕಿತ್ತು. ಇದೇ ಮಾಡೆಲ್ ರೌಟರ್ ಇಟ್ಟುಕೊಂಡ ಬೇರೆಯವರಿಗೂ ಹೀಗೇ ಆಗಿದೆಯೋ ಏನೋ, ಅದನ್ನು ನೀವು ನೋಡಬೇಕು.

ನಾನು ಕೇಳುತ್ತಿರುವುದು ಜಾಸ್ತಿ ಏನಿಲ್ಲ. ನನ್ನ ರೌಟರ್‌ಗೆ ರಾತ್ರಿ ಬರುವ ಆ ಸೆಟ್ಟಿಂಗನ್ನು ನಿಮ್ಮ ಸರ್ವರ್‌ನಲ್ಲೇ ಡಬ್ಲ್ಯುಪಿಎ2-ಎಇಎಸ್ ಮಾಡಿ. ಇಲ್ಲಿ ಬಂದು ರೌಟರ್‌ನಲ್ಲಿ ಬದಲಾಯಿಸಿ ಹೋದರೆ ಉಪಯೋಗವಿಲ್ಲ, ಬೆಳಿಗ್ಗೆಗೆ ಮತ್ತೆ ಅಲ್ಲೇ ಬರುತ್ತದೆ. ನಾನು ಒಪ್ಪದೆ ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ. ಅದರಲ್ಲಿ "ಗ್ರಾಹಕರ ಲ್ಯಾಪ್‌ಟಾಪ್ ದೋಷ" ಅಂತ ಬರೆದದ್ದನ್ನು ತೆಗೆದು ನಿಜವಾದ ಕಾರಣ ಬರೆಯಿರಿ. ತಂತ್ರಜ್ಞರು ಬಂದು ಹೋದದ್ದಕ್ಕೆ ಈ ತಿಂಗಳ ಬಿಲ್ಲಿನಲ್ಲಿ ಶುಲ್ಕ ಸೇರಿಸಿದ್ದೀರಿ. ಅದನ್ನು ತೆಗೆಯಿರಿ, ಹನ್ನೊಂದು ದಿನದ ಬಾಡಿಗೆಯನ್ನೂ ಕಳೆಯಿರಿ.

ಎರಡೂ ಸ್ಕ್ರೀನ್‌ಶಾಟ್, ಕೇಬಲ್ ಹಾಕಿದಾಗಿನ ಸ್ಪೀಡ್ ಟೆಸ್ಟ್, ರೌಟರ್ ಲಾಗ್‌ನ ಮೂರು ಪುಟ ಲಗತ್ತಿಸಿದ್ದೇನೆ. ದಯವಿಟ್ಟು ಫೋನ್ ಮಾಡಬೇಡಿ, ಮೇಲ್‌ನಲ್ಲೇ ಉತ್ತರಿಸಿ. ಫೋನ್ ಮಾಡಿದವರು ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಸದ್ಯಕ್ಕೆ ಎರಡು ಮೀಟರ್ ಕೇಬಲ್ ಹಾಕಿಕೊಂಡು, ರೌಟರ್ ಪಕ್ಕದಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದೇನೆ. ಈ ಪತ್ರ ಬರೆದದ್ದೂ ಅಲ್ಲೇ.

ಇತಿ,
ನಿಮ್ಮ ಮೂರು ವರ್ಷದ ಗ್ರಾಹಕಿ